ಗೀಜಗನು ಬಿಟ್ಟುಹೋದ ಗೂಡುಗಳು

ಕೆಲವು ವರ್ಷಗಳಿಂದ ಹದ್ದಿನ ಕಥೆಯೊಂದು ಊರೂರು ಸುತ್ತುತ್ತಿದೆ. ಶಾಲೆಯ ವಾರ್ಷಿಕೋತ್ಸವದ ಭಾಷಣದಲ್ಲಿ, ಕಚೇರಿಯ ತರಬೇತಿ ಸಭೆಯಲ್ಲಿ, ಮನೆಮನೆಯ ಮೊಬೈಲಿನ ತೆರೆಯ ಮೇಲೆ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹದ್ದು 70 ವರ್ಷ ಬಾಳುವ ಹಕ್ಕಿಯಂತೆ. 40 ತುಂಬುವ ವೇಳೆಗೆ ಅದರ ಕೊಕ್ಕು ಬಾಗಿ ಎದೆಗೆ ತಾಗುತ್ತದಂತೆ, ಉಗುರುಗಳು ಬೇಟೆಯನ್ನು ಹಿಡಿಯಲಾರವಂತೆ, ಗರಿಗಳು ಭಾರವಾಗಿ ಹಾರಾಟ ದುಸ್ತರವಾಗುತ್ತದಂತೆ. ಆಗ ಅದು ಬೆಟ್ಟದ ತುದಿಗೆ ಹೋಗಿ, ಬಂಡೆಗೆ ಕುಕ್ಕಿ ಕುಕ್ಕಿ ತನ್ನ ಕೊಕ್ಕನ್ನು ತಾನೇ ಮುರಿದುಕೊಳ್ಳುತ್ತದಂತೆ. ಹೊಸ ಕೊಕ್ಕು ಬಂದ ಮೇಲೆ ಅದರಿಂದ ಉಗುರುಗಳನ್ನು ಕಿತ್ತು, ಹೊಸ ಉಗುರು ಬಂದ ಮೇಲೆ ಗರಿಗಳನ್ನು ಕಿತ್ತು, 150 ದಿನಗಳ ಈ ಘೋರ ತಪಸ್ಸಿನ ಫಲವಾಗಿ ಇನ್ನೂ 30 ವರ್ಷಗಳ ಆಯುಷ್ಯವನ್ನು ಸಂಪಾದಿಸುತ್ತದಂತೆ!

ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಹುಡುಗನಿಗೆ, ಬಡ್ತಿ ತಪ್ಪಿದ ಗುಮಾಸ್ತರಿಗೆ, ವ್ಯಾಪಾರದಲ್ಲಿ ನಷ್ಟಕ್ಕೊಳಗಾದ ಗೃಹಸ್ಥರಿಗೆ ಈ ಕಥೆಯನ್ನು ಹೇಳಿ ಧೈರ್ಯ ತುಂಬುವವರ ಉದ್ದೇಶ ಒಳ್ಳೆಯದೇ. ಆದರೆ ಕಥೆಯಲ್ಲಿ ಒಂದು ಮಾತೂ ನಿಜವಲ್ಲ. ಕಾಡಿನಲ್ಲಿ 70 ವರ್ಷ ಬಾಳುವ ಹದ್ದನ್ನು ಯಾರೂ ಕಂಡಿಲ್ಲ. ಹಕ್ಕಿಯ ಕೊಕ್ಕಿನ ಹೊರಕವಚವು ನಮ್ಮ ಉಗುರಿನಂತೆ ಕೆರಾಟಿನ್ ಎಂಬ ವಸ್ತುವಿನಿಂದಾದುದು. ಅದು ದಿನವೂ ಬೆಳೆಯುತ್ತದೆ, ತಿನ್ನುವಾಗ ಮತ್ತು ಕೊಂಬೆಗೆ ಉಜ್ಜುವಾಗ ದಿನವೂ ಸವೆಯುತ್ತದೆ. ಕೊಕ್ಕು ಬುಡಸಹಿತ ಮುರಿದ ಹದ್ದು ಮಾಂಸವನ್ನು ಹರಿಯಲಾರದೆ ಹಸಿವಿನಿಂದ ಸಾಯುತ್ತದೆ. ಐದು ತಿಂಗಳ ಉಪವಾಸ ಅದರಿಂದಾಗದು.

ಹದ್ದು ಗರಿಗಳನ್ನು ಬದಲಿಸುವುದೇನೋ ನಿಜ. ಆದರೆ ಅದು ಬದಲಿಸುವ ಬಗೆಯೇ ಬೇರೆ. ರೆಕ್ಕೆಯ ದೊಡ್ಡ ಗರಿಗಳು ಒಂದೊಂದಾಗಿ ಉದುರುತ್ತವೆ. ಎಡ ರೆಕ್ಕೆಯಲ್ಲಿ ಒಂದು ಉದುರಿದರೆ ಹೆಚ್ಚುಕಡಮೆ ಅದೇ ಸಮಯಕ್ಕೆ ಬಲ ರೆಕ್ಕೆಯಲ್ಲಿಯೂ ಅದರ ಜೋಡಿ ಉದುರುತ್ತದೆ. ಹೀಗಾಗಿ ಹಾರಾಟದ ಸಮತೋಲ ಕೆಡುವುದಿಲ್ಲ, ಬೇಟೆಯೂ ನಿಲ್ಲುವುದಿಲ್ಲ. ಎಲ್ಲ ಗರಿಗಳೂ ಹೊಸದಾಗಲು ದೊಡ್ಡ ಹದ್ದುಗಳಿಗೆ ಒಂದು ವರ್ಷ ಸಾಲದು. ನೋಡುವವರ ಕಣ್ಣಿಗೆ ಹಕ್ಕಿ ಎಂದಿನಂತೆಯೇ ಇರುತ್ತದೆ. ಒಳಗಿಂದೊಳಗೇ ಅದು ಹೊಸದಾಗುತ್ತಿರುತ್ತದೆ.

ಸುಳ್ಳುಕಥೆಯು ಮನುಷ್ಯನಿಗೆ ಕಲಿಸುವುದಾದರೂ ಏನು? ಬೆಳೆಯಬೇಕಾದರೆ ಎಲ್ಲರನ್ನೂ ಬಿಟ್ಟು ಒಂಟಿಯಾಗಬೇಕು, ತನ್ನನ್ನು ತಾನು ಹಿಂಸಿಸಿಕೊಳ್ಳಬೇಕು ಎಂಬುದನ್ನು. ಮೊದಲೇ ನೊಂದ ಹುಡುಗನಿಗೆ ಇಂತಹ ಉಪದೇಶ ಅಪಾಯಕರ. ಹಕ್ಕಿಗಳಿಂದ ಉತ್ಸಾಹವನ್ನು ಪಡೆಯಬೇಕೆಂಬುವರು ಹಕ್ಕಿಗಳು ನಿಜವಾಗಿ ಏನು ಮಾಡುತ್ತವೆಂಬುದನ್ನು ನೋಡುವುದು ಲೇಸು. ಹಳೆಯ ಕಥೆಗಳೆಲ್ಲ ಸುಳ್ಳೆಂದೂ ಅಲ್ಲ. ಹೂಜಿಗೆ ಕಲ್ಲು ಹಾಕಿ ನೀರನ್ನು ಮೇಲೇರಿಸಿದ ಬಾಯಾರಿದ ಕಾಗೆಯ ಕಥೆಯನ್ನು ಕೇಳದ ಮಗುವಿಲ್ಲ. 2009ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ರೂಕ್ ಎಂಬ ಕಾಗೆಜಾತಿಯ ಹಕ್ಕಿಗಳ ಮುಂದೆ ನೀರಿನ ಕೊಳವೆಯನ್ನಿಟ್ಟು, ಅದರಲ್ಲಿ ಹುಳುವೊಂದನ್ನು ತೇಲಿಬಿಟ್ಟರು. ಹಕ್ಕಿಗಳು ಕಲ್ಲುಗಳನ್ನು ಹಾಕಿ ನೀರನ್ನು ಏರಿಸಿ ಹುಳುವನ್ನು ತಿಂದವು. ಸಣ್ಣ ಕಲ್ಲಿಗಿಂತ ದೊಡ್ಡ ಕಲ್ಲು ಮೇಲೆಂಬುದನ್ನೂ ಬೇಗನೆ ಕಂಡುಕೊಂಡವು!

ಹುಲ್ಲಿನ ಎಳೆ, ಐನೂರು ಸಲ

ಕನ್ನಡ ನಾಡಿನ ಹೊಲಗದ್ದೆಗಳ ಬದಿಯಲ್ಲಿ, ಬಾವಿಯ ಮೇಲೆ ಬಾಗಿದ ಜಾಲಿಯ ಮರದಲ್ಲಿ, ಈಚಲು ತಾಳೆಗಳ ಗರಿಗಳ ತುದಿಯಲ್ಲಿ ಜೋಲುವ ಗೀಜಗನ ಗೂಡುಗಳನ್ನು ನೋಡದವರು ವಿರಳ. ಪಟ್ಟಣದ ಮನೆಗಳಲ್ಲಿ ಅದನ್ನು ತಂದು ಹಜಾರದ ಗೋಡೆಗೆ ಅಲಂಕಾರಕ್ಕೆ ತೂಗುಹಾಕುವವರೂ ಉಂಟು. ಗುಬ್ಬಚ್ಚಿಯಷ್ಟೇ ಗಾತ್ರದ ಈ ಹಕ್ಕಿ ವರ್ಷದ ಬಹುಕಾಲ ಗುಬ್ಬಚ್ಚಿಯಂತೆಯೇ ಮಾಸಲು ಬಣ್ಣದಲ್ಲಿರುತ್ತದೆ. ಮಳೆಗಾಲ ಹತ್ತಿರವಾಯಿತೆಂದರೆ ಗಂಡಿನ ನೆತ್ತಿಗೂ ಎದೆಗೂ ಅರಿಸಿನದ ಬಣ್ಣ ಬರುತ್ತದೆ, ಮುಖಕ್ಕೆ ಕಪ್ಪುಗಂದಿನ ಮುಸುಕು. ಒಡನೆಯೇ ಅದರ ದುಡಿಮೆ ಆರಂಭವಾಗುತ್ತದೆ.

ಗೂಡನ್ನು ನೇಯುವುದು ಗಂಡು. ಬತ್ತದ ಗರಿ, ಕಬ್ಬಿನ ಗರಿ, ಒರಟು ಹುಲ್ಲು ಅಥವಾ ತಾಳೆಯ ಗರಿಯ ಅಂಚಿನಲ್ಲಿ ಕೊಕ್ಕಿನಿಂದ ಒಂದು ಕಚ್ಚು ಮಾಡಿ, ಎಳೆಯನ್ನು ಹಿಡಿದು ಹಾರಿದರೆ ನೀಳವಾದ ಸೀಳು ಸರ್ರನೆ ಬಿಚ್ಚಿ ಬರುತ್ತದೆ. ಒಂದೊಂದು ಸೀಳೂ 20ರಿಂದ 60 ಸೆಂಟಿಮೀಟರು ಉದ್ದ. ಒಂದು ಗೂಡು ಮುಗಿಯಬೇಕಾದರೆ ಇಂತಹ ಪ್ರಯಾಣಗಳು 500ರವರೆಗೂ ಆಗಬಹುದು. ಮೊದಲು ಕೊಂಬೆಯ ತುದಿಗೆ ಗಂಟು. ಅನಂತರ ಒಂದು ಬಳೆ. ಬಳೆಯ ಮೇಲೆ ಚಾವಣಿ. ಸುಮಾರು ಎಂಟು ದಿನಗಳಲ್ಲಿ ಅದು ಬೋರಲು ಹಾಕಿದ ಶಿರಸ್ತ್ರಾಣದಂತೆ ಕಾಣುತ್ತದೆ. ಕೊಕ್ಕೊಂದೇ ಸಾಧನ, ಕಾಲಿನಿಂದ ಎಳೆಯನ್ನು ಅದುಮಿಹಿಡಿಯುವುದುಂಟು, ಅಷ್ಟೆ. ಹಸಿ ಮಣ್ಣನ್ನು ತಂದು ಒಳಗೋಡೆಗೆ ಮೆತ್ತುವುದೂ ಈ ಹಂತದಲ್ಲಿಯೇ. ಆ ಮಣ್ಣಿಗೆ ಮಿಣುಕುಹುಳುವನ್ನು ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತದೆಂದು ನಮ್ಮ ಹಳ್ಳಿಗರು ಹೇಳುತ್ತಾರೆ. ಕೇಳಲು ಇಂಪಾದ ಮಾತು, ಆದರೆ ಕಂಡು ದೃಢಪಡಿಸಿದವರಿಲ್ಲ.

ಈ ಅರ್ಧ ಗೂಡಿನಲ್ಲಿಯೇ ಗಂಡಿನ ಪರೀಕ್ಷೆ. ಹೆಣ್ಣುಹಕ್ಕಿಗಳು ತಂಡವಾಗಿ ಬರುತ್ತವೆ. ಗಂಡುಗಳೆಲ್ಲ ತಮ್ಮ ತಮ್ಮ ಗೂಡಿಗೆ ತೂಗಿಬಿದ್ದು, ರೆಕ್ಕೆ ಬಡಿದು, ಕಿಚಿಕಿಚಿ ಗದ್ದಲವೆಬ್ಬಿಸಿ ಕರೆಯುತ್ತವೆ. ಮದುವೆಗೆ ಹೆಣ್ಣು ನೋಡುವ ಶಾಸ್ತ್ರವೇ ತಿರುವುಮುರುವಾದಂತೆ! ಹೆಣ್ಣು ಒಳಹೊಕ್ಕು, ಹುಲ್ಲನ್ನು ಎಳೆದು, ಜಗ್ಗಿ, ಅಡ್ಡಕಟ್ಟಿನ ಮೇಲೆ ಕುಳಿತು ನೋಡುತ್ತದೆ. ಒಪ್ಪಿಗೆಯಾದರೆ ಗಂಡು ಮೊಟ್ಟೆಯ ಕೋಣೆಯನ್ನೂ ಕೆಳಗಿಳಿಯುವ ಕೊಳವೆಯ ಬಾಗಿಲನ್ನೂ ಪೂರೈಸುತ್ತದೆ. ಎಲ್ಲ ಸೇರಿ ಸುಮಾರು 18 ದಿನಗಳ ಕೆಲಸ. ಒಪ್ಪಿಗೆಯಾಗದಿದ್ದರೆ? ಎಂಟು ದಿನಗಳ ನೇಯ್ಗೆ ಹಾಗೆಯೇ ಉಳಿಯುತ್ತದೆ. ಗಂಡು ಇನ್ನೊಂದು ಕೊಂಬೆಯ ತುದಿಯನ್ನು ಆರಿಸಿಕೊಂಡು ಮೊದಲ ಗಂಟನ್ನು ಮತ್ತೆ ಹಾಕುತ್ತದೆ. ಆಫ್ರಿಕದ ನೇಕಾರ ಹಕ್ಕಿಯೊಂದಂತೂ ಹೆಣ್ಣು ಒಲ್ಲದ ಗೂಡನ್ನು ತನ್ನ ಕೊಕ್ಕಿನಿಂದಲೇ ಬಿಚ್ಚಿಹಾಕಿ, ಅದೇ ಜಾಗದಲ್ಲಿ ಹಸಿರು ಹುಲ್ಲಿನಿಂದ ಹೊಸದನ್ನು ಕಟ್ಟುತ್ತದೆ.

ಗೀಜಗ ಗೂಡು ಕಟ್ಟುವ ಮರದ ಕೆಳಗೆ ನಿಂತು ಮೇಲೆ ನೋಡಿದವರಿಗೆ, ಪೂರ್ತಿಯಾದ ಗೂಡುಗಳ ನಡುವೆ ಬಾಗಿಲಿಲ್ಲದ, ಬುಡವಿಲ್ಲದ ಗೂಡುಗಳು ಹಲವಾರು ಕಾಣುತ್ತವೆ. ಅವೆಲ್ಲ ಈ ಕೈಬಿಟ್ಟ ಪ್ರಯತ್ನಗಳು. ಕೆಲವು ಎಳೆಯ ಗಂಡುಗಳ ಕೈಚಳಕದ ಮೊದಲ ಪಾಠಗಳು. ಅವುಗಳಲ್ಲಿ ನೇಯ್ಗೆ ಸಡಿಲ, ಆಕಾರ ಸೊಟ್ಟ, ಗಾಳಿ ಬಂದರೆ ಬಿಚ್ಚಿಹೋಗುವಂತಹವು. ಅವನ್ನು ಒಪ್ಪುವ ಹೆಣ್ಣು ಇಲ್ಲ. ಎಳೆಯ ಹಕ್ಕಿ ಅದಕ್ಕಾಗಿ ಕಟ್ಟುವುದೂ ಇಲ್ಲ.

ಈ ಅಭ್ಯಾಸ ವ್ಯರ್ಥವಾದ ಆಟವಲ್ಲ ಎಂಬುದು ಪ್ರಯೋಗದಿಂದ ಸಿದ್ಧವಾಗಿದೆ. ಅಮೆರಿಕದ ಪ್ರಾಣಿವಿಜ್ಞಾನಿಗಳಾದ ನಿಕೊಲಸ್ ಕೊಲಿಯಾಸ್ ಮತ್ತು ಎಲ್ಸಿ ಕೊಲಿಯಾಸ್ ದಂಪತಿಗಳು ಆಫ್ರಿಕದ ನೇಕಾರ ಹಕ್ಕಿಗಳನ್ನು ಪಂಜರದಲ್ಲಿ ಬೆಳೆಸಿ, ಕೆಲವು ಎಳೆಯ ಗಂಡುಗಳಿಗೆ ನೇಯಲು ಹಸಿರು ಎಳೆಯನ್ನೇ ಕೊಡದೆ ಇರಿಸಿದರು. 1964ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ಎಳೆಯಲ್ಲಿ ಆಟವಾಡುತ್ತ ಬೆಳೆದ ಹಕ್ಕಿಗಳು ಕಾಲ ಬಂದಾಗ ಗೂಡನ್ನು ನೇಯ್ದವು. ಎಳೆಯನ್ನೇ ಕಾಣದೆ ಬೆಳೆದವು ಹುಲ್ಲು ಕೈಗೆ ಸಿಕ್ಕಾಗ ಮೊದಮೊದಲು ಒಂದು ಎಳೆಯನ್ನೂ ಹೆಣೆಯಲಾರದೆ ಹೋದವು. ಹುಟ್ಟುಗುಣವು ಹಕ್ಕಿಗೆ ನೇಯುವ ಹಂಬಲವನ್ನು ಕೊಡುತ್ತದೆ. ಕೈ ಪಳಗುವುದು ಕೆಟ್ಟ ನೇಯ್ಗೆಯನ್ನು ನೇಯ್ದು ನೇಯ್ದೇ. ಬಳಿಕ 2011ರಲ್ಲಿ ಬೋಟ್ಸ್‌ವಾನಾ ದೇಶದ ನೇಕಾರ ಹಕ್ಕಿಗಳ ಚಲನಚಿತ್ರಗಳನ್ನು ಪರೀಕ್ಷಿಸಿದ ಬ್ರಿಟಿಷ್ ವಿಜ್ಞಾನಿಗಳು, ಒಂದೇ ಹಕ್ಕಿ ಒಂದು ಗೂಡಿನಿಂದ ಮತ್ತೊಂದಕ್ಕೆ ತನ್ನ ವಿಧಾನವನ್ನು ಬದಲಿಸುತ್ತದೆಂದೂ, ಅನುಭವ ಹೆಚ್ಚಿದಂತೆ ಕೊಕ್ಕಿನಿಂದ ಜಾರಿಬೀಳುವ ಹುಲ್ಲಿನ ಎಳೆಗಳು ಕಡಮೆಯಾಗುತ್ತವೆಂದೂ ಕಂಡುಕೊಂಡರು.

ಆದರೂ ಗೀಜಗನನ್ನು ಎಲ್ಲ ವಿಷಯಗಳಲ್ಲಿಯೂ ಗುರುವಾಗಿ ಸ್ವೀಕರಿಸುವುದು ಬೇಡ. ಹೆಣ್ಣು ಒಂದು ಗೂಡನ್ನು ಒಪ್ಪಿ ಮೊಟ್ಟೆಯಿಟ್ಟ ಮೇಲೆ ಗಂಡಿನ ಗಮನವೆಲ್ಲ ಮುಂದಿನ ಗೂಡಿನ ಕಡೆಗೆ, ಮುಂದಿನ ಹೆಣ್ಣಿನ ಕಡೆಗೆ. ಕಾವು ಕೊಡುವ ಹೊರೆಯೆಲ್ಲ ಹೆಣ್ಣಿನದು. ಆದರ್ಶ ದಾಂಪತ್ಯದ ಚಿತ್ರವಾಗಿ ಗೀಜಗನ ಗೂಡನ್ನು ಲಗ್ನಪತ್ರಿಕೆಯ ಮೇಲೆ ಅಚ್ಚುಹಾಕಿಸುವವರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು! ಇನ್ನೊಂದು ಮಾತು: ಹೆಣ್ಣು ಗೂಡನ್ನು ಆರಿಸುವಾಗ ನೇಯ್ಗೆಯ ಅಂದಕ್ಕಿಂತ ಗೂಡಿರುವ ಸ್ಥಾನಕ್ಕೆ ಹೆಚ್ಚು ಬೆಲೆ ಕೊಡುತ್ತದೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಮುಳ್ಳಿನ ಮರ, ಎತ್ತರದ ಕೊಂಬೆ ಅದಕ್ಕೆ ಹಿಡಿಸುತ್ತವೆ. ಅಂದರೆ ಒಲ್ಲೆನೆನಿಸಿಕೊಂಡ ಗೂಡೆಲ್ಲ ಕೆಟ್ಟ ಗೂಡಲ್ಲ; ನೇಕಾರನ ಕೈ ಚೆನ್ನಾಗಿದ್ದು ಕೊಂಬೆ ಸರಿಯಿಲ್ಲದಿರಬಹುದು. ತಿರಸ್ಕಾರಕ್ಕೊಳಗಾದ ಮನುಷ್ಯರು ಎಷ್ಟೋ ಸಲ ಈ ಭೇದವನ್ನು ಮರೆತು ತಮ್ಮ ಕೈಯನ್ನೇ ನಿಂದಿಸಿಕೊಳ್ಳುತ್ತಾರೆ.

ಕಿಹಿಮ್ ತೀರದ ನಿರುದ್ಯೋಗಿ

ಗೀಜಗನ ಈ ಸಂಸಾರರಹಸ್ಯವನ್ನು ಮೊದಲು ಬಿಡಿಸಿದವರು ಯಾರು? ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದ ಒಬ್ಬ ಗೃಹಸ್ಥರು.

ಸಲೀಂ ಅಲಿ ಅವರು ಹುಟ್ಟಿದ್ದು 1896ರಲ್ಲಿ, ಮುಂಬಯಿಯಲ್ಲಿ. ಒಂದು ವರ್ಷದ ಕೂಸಾಗಿದ್ದಾಗ ತಂದೆ, ಮೂರರ ವೇಳೆಗೆ ತಾಯಿ ತೀರಿಕೊಂಡರು. ಬೆಳೆದದ್ದು ಸೋದರಮಾವನ ಮನೆಯಲ್ಲಿ. ಆಟದ ಬಂದೂಕಿನಿಂದ ಹೊಡೆದ ಗುಬ್ಬಚ್ಚಿಯೊಂದರ ಕೊರಳಿನಲ್ಲಿ ಹಳದಿಯ ಕಲೆಯಿರುವುದನ್ನು ಕಂಡು ಹುಡುಗನಿಗೆ ಕುತೂಹಲ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿಯ ಕಾರ್ಯದರ್ಶಿ ಮಿಲ್ಲರ್ಡ್ ಎಂಬ ಆಂಗ್ಲರು ಹಕ್ಕಿಯ ಹೆಸರನ್ನು ಹೇಳಿದ್ದಲ್ಲದೆ, ಸಂಗ್ರಹದ ಕಪಾಟುಗಳನ್ನು ತೆರೆದು ಬಗೆಬಗೆಯ ಹಕ್ಕಿಗಳನ್ನು ತೋರಿಸಿದರು. ಹುಡುಗನ ಬಾಳಿನ ದಾರಿ ಅಂದೇ ತೆರೆಯಿತೆನ್ನಬಹುದು.

ಆದರೆ ಆ ದಾರಿ ನೇರವಾಗಿರಲಿಲ್ಲ. ಗಣಿತವೆಂದರೆ ಅವರಿಗೆ ಭಯ. ಕಾಲೇಜನ್ನು ಮೊದಲನೆಯ ವರ್ಷದಲ್ಲಿಯೇ ಬಿಟ್ಟು, ಬರ್ಮಾದಲ್ಲಿದ್ದ ಮನೆತನದ ಗಣಿಯ ವ್ಯವಹಾರಕ್ಕೆ ಹೋದರು. ಅಲ್ಲಿ ಅದಿರಿಗಿಂತ ಕಾಡಿನ ಹಕ್ಕಿಗಳ ಕಡೆಗೇ ಕಣ್ಣು; ವ್ಯಾಪಾರ ಕೈಗೂಡಲಿಲ್ಲ. ಪಕ್ಷಿತಜ್ಞನ ಸರ್ಕಾರಿ ಹುದ್ದೆಯೊಂದು ವಿಶ್ವವಿದ್ಯಾನಿಲಯದ ಪದವಿಯಿಲ್ಲವೆಂಬ ಕಾರಣದಿಂದ ತಪ್ಪಿತು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಿಸಿ ಹೇಳುವ ಉಪನ್ಯಾಸಕನ ಕೆಲಸ ದೊರೆಯಿತು. ರಜೆ ಪಡೆದು ಬರ್ಲಿನ್ನಿಗೆ ಹೋಗಿ, ಸ್ಟ್ರೆಸೆಮನ್ ಎಂಬ ಪ್ರಸಿದ್ಧ ವಿದ್ವಾಂಸರ ಬಳಿ ಶಿಕ್ಷಣ ಪಡೆದು 1930ರಲ್ಲಿ ಮರಳಿದರೆ, ಹಣದ ಅಭಾವದಿಂದ ಆ ಹುದ್ದೆಯೇ ರದ್ದಾಗಿತ್ತು! ವಯಸ್ಸು ಮೂವತ್ತನಾಲ್ಕರ ಅಂಚು. ಮದುವೆಯಾಗಿ ಹನ್ನೆರಡು ವರ್ಷ. ಹೊಸದಾಗಿ ಕಲಿತ ವಿದ್ಯೆಗೆ ಊರಿನಲ್ಲಿ ಬೆಲೆಯಿಲ್ಲ.

ಮುಂಬಯಿಯ ಖರ್ಚನ್ನು ತಾಳಲಾರದೆ ದಂಪತಿಗಳು ಅಲಿಬಾಗಿನ ಹತ್ತಿರದ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಮಳೆಗಾಲ ಬಂತು. ಮನೆಯ ಸಮೀಪದ ಮರದಲ್ಲಿ ಗೀಜಗಗಳು ಗೂಡು ಕಟ್ಟತೊಡಗಿದವು. ಸಲೀಂ ಅಲಿ ಅವರು ಮರೆಯಲ್ಲಿ ಕುಳಿತು, ಗಂಟೆಗಟ್ಟಲೆ ಕಣ್ಣಿಟ್ಟು, ಯಾವ ಗೂಡು ಎಂದು ಆರಂಭವಾಯಿತು, ಯಾವ ಹೆಣ್ಣು ಎಂದು ಬಂದಳು, ಯಾವ ಗೂಡನ್ನು ಗಂಡು ಕೈಬಿಟ್ಟಿತು ಎಂಬುದನ್ನೆಲ್ಲ ದಿನದಿನವೂ ಬರೆದಿಟ್ಟರು. ಒಂದೇ ಗಂಡು ಒಂದಾದ ಮೇಲೊಂದು ಗೂಡು ಕಟ್ಟಿ, ಒಂದೊಂದರಲ್ಲಿ ಒಂದೊಂದು ಹೆಣ್ಣನ್ನು ನೆಲೆಗೊಳಿಸುವ ಸಂಗತಿ ಅಲ್ಲಿಯವರೆಗೆ ಪಂಡಿತರಿಗೆ ತಿಳಿದಿರಲಿಲ್ಲ. 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಆ ಲೇಖನವು ಅವರಿಗೆ ಪಕ್ಷಿಶಾಸ್ತ್ರಜ್ಞರೆಂಬ ಹೆಸರನ್ನು ತಂದಿತು. ಹುದ್ದೆಯಿದ್ದಿದ್ದರೆ ಆ ಮಳೆಗಾಲವನ್ನು ಅವರು ವಸ್ತುಸಂಗ್ರಹಾಲಯದ ಗಾಜಿನ ಕಪಾಟುಗಳ ಮುಂದೆ ಕಳೆಯುತ್ತಿದ್ದರು.

ಕೆಲಸ ಮಾತ್ರ ಆಗಲೂ ಸಿಗಲಿಲ್ಲ. ಅವರು ಮಾಡಿದ ಉಪಾಯ ಸರಳವಾದುದು: ಪ್ರಯಾಣದ ವೆಚ್ಚವನ್ನು ಕೊಟ್ಟರೆ ಸಾಕು, ಸಂಬಳವಿಲ್ಲದೆ ನಿಮ್ಮ ರಾಜ್ಯದ ಹಕ್ಕಿಗಳ ಸಮೀಕ್ಷೆ ನಡೆಸುತ್ತೇನೆಂದು ದೇಶೀಯ ಸಂಸ್ಥಾನಗಳಿಗೆ ತಿಳಿಸಿದರು. ಹೈದರಾಬಾದು, ತಿರುವಾಂಕೂರು ಮುಂತಾದೆಡೆ ಡೇರೆ ಹಾಕಿ ತಿರುಗಿದರು. ಪತ್ನಿ ತೆಹಮೀನಾ ಅವರು ನಗರದ ಸೌಕರ್ಯಗಳನ್ನು ಬಿಟ್ಟು ಡೇರೆಯ ಬಾಳಿಗೆ ಜೊತೆಯಾದರು. 1939ರಲ್ಲಿ ಅವರು ಅಕಾಲ ಮರಣಕ್ಕೀಡಾದದ್ದು ಸಲೀಂ ಅಲಿ ಅವರ ಬಾಳಿನ ಅತಿ ದೊಡ್ಡ ಆಘಾತ. ಅದರ ಬೆನ್ನಿಗೇ ನಡೆದದ್ದು ಮೈಸೂರು ಸಂಸ್ಥಾನದ ಸಮೀಕ್ಷೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಅದನ್ನು ರಕ್ಷಿತ ತಾಣವಾಗಿ ಮಾಡಬೇಕೆಂದು ಅವರು ಅರಮನೆಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಂದು ರಜಾದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ದೋಣಿಯಲ್ಲಿ ಕುಳಿತು ಕೊಕ್ಕರೆಗಳನ್ನು ನೋಡುವ ಸಂಸಾರಗಳು ಆ ನಿರುದ್ಯೋಗಿಗೆ ಋಣಿಗಳು. ಭಾರತದ ಹಕ್ಕಿಗಳನ್ನು ಕುರಿತ ಅವರ ಜನಪ್ರಿಯ ಗ್ರಂಥ 1941ರಲ್ಲಿ ಹೊರಬಂತು. ಡಿಲ್ಲನ್ ರಿಪ್ಲಿ ಅವರೊಡನೆ ಬರೆದ 10 ಸಂಪುಟಗಳ ಮಹಾಗ್ರಂಥ ಮುಗಿದದ್ದು 1974ರಲ್ಲಿ, ಅವರಿಗೆ 78 ತುಂಬುವ ವರ್ಷ.

ಇಳಿದು ಏರುವ ಬಾತು

ಹಾಡುವ ಹಕ್ಕಿಗಳ ವಿಷಯವೂ ನೇಕಾರರಂತೆಯೇ. ಮುಂಜಾನೆ ಇಂಪಾಗಿ ಹಾಡುವ ಹಕ್ಕಿಗೆ ಆ ಹಾಡು ಹುಟ್ಟಿನಿಂದಲೇ ಪೂರ್ತಿಯಾಗಿ ಬಂದಿರುವುದಿಲ್ಲ. 1950ರ ದಶಕದಲ್ಲಿ ಕೇಂಬ್ರಿಡ್ಜಿನ ಥಾರ್ಪ್ ಎಂಬ ವಿದ್ವಾಂಸರು ಚಾಫಿಂಚ್ ಹಕ್ಕಿಯ ಮರಿಗಳನ್ನು ಹಿರಿಯರ ದನಿ ಕೇಳದಂತೆ ಬೆಳೆಸಿದಾಗ, ಅವು ದೊಡ್ಡವಾಗಿ ಹಾಡಿದ್ದು ಅಸ್ಪಷ್ಟವಾದ, ಬಡಕಲು ಹಾಡನ್ನು. ಹಿರಿಯರ ಹಾಡನ್ನು ಕೇಳಿ ಬೆಳೆದ ಮರಿಗಳೂ ಒಮ್ಮೆಗೇ ಹಾಡುವುದಿಲ್ಲ. ತಿಂಗಳುಗಟ್ಟಲೆ ತಮ್ಮಷ್ಟಕ್ಕೆ ತಾವು ಮೆಲ್ಲನೆ ತೊದಲುತ್ತವೆ. ಸಂಗೀತದ ಮೇಷ್ಟರ ಮುಂದೆ ಸರಳೆವರಸೆ ತಪ್ಪಿದ್ದಕ್ಕೆ ಕಣ್ಣೀರಿಡುವ ಬಾಲಕಿಗೆ ಈ ಸಂಗತಿಯನ್ನು ಯಾರಾದರೂ ತಿಳಿಸಬೇಕು.

ಇನ್ನು ಎತ್ತರಕ್ಕೇರುವ ಮಾತು. ಗದಗ ಜಿಲ್ಲೆಯ ಮಾಗಡಿ ಕೆರೆಗೂ, ಮೈಸೂರಿನ ಬಳಿಯ ಹದಿನಾರು ಕೆರೆಗೂ ಪ್ರತಿ ಚಳಿಗಾಲ ಬೂದುಬಣ್ಣದ ದೊಡ್ಡ ಬಾತುಗಳ ಹಿಂಡು ಬರುತ್ತದೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳು. ಆದ್ದರಿಂದಲೇ ಪಟ್ಟೆತಲೆಯ ಹೆಬ್ಬಾತು ಎಂಬ ಹೆಸರು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ನಡುವೆ ಅಡ್ಡಲಾಗಿರುವುದು ಹಿಮಾಲಯ!

ಈ ಬಾತುಗಳು ಎವರೆಸ್ಟಿನ ಮೇಲೆಯೇ ನೇರವಾಗಿ ಹಾರುತ್ತವೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಉಪಗ್ರಹಗಳ ಮೂಲಕ ಅವುಗಳ ದಾರಿಯನ್ನು ಹಿಂಬಾಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾದ ಅತಿ ಎತ್ತರದ ಹಾರಾಟ 7,290 ಮೀಟರು. ಬಹುಪಾಲು ಪ್ರಯಾಣ ಅದಕ್ಕಿಂತ ಬಹಳ ಕೆಳಗೆ, ಕಣಿವೆಗಳ ಮೂಲಕ. 2015ರ ಇನ್ನೊಂದು ಅಧ್ಯಯನಕ್ಕಾಗಿ ಬಾತುಗಳ ಮೈಯೊಳಗೆ ಕಿರುಯಂತ್ರಗಳನ್ನಿರಿಸಿ ಹೃದಯದ ಬಡಿತವನ್ನೂ ರೆಕ್ಕೆಯ ಬಡಿತವನ್ನೂ ಅಳೆದಾಗ ವಿಜ್ಞಾನಿಗಳೇ ಬೆರಗಾದರು. ಬಾತು ಒಮ್ಮೆ ಸಂಪಾದಿಸಿದ ಎತ್ತರಕ್ಕೆ ಅಂಟಿಕೊಳ್ಳುವುದಿಲ್ಲ. ಮುಂದೆ ಕಣಿವೆ ಬಂದರೆ ಕಷ್ಟಪಟ್ಟು ಏರಿದ ನೂರಾರು ಮೀಟರುಗಳನ್ನು ಬಿಟ್ಟುಕೊಟ್ಟು ಇಳಿಯುತ್ತದೆ. ಬೆಟ್ಟ ಬಂದರೆ ಮತ್ತೆ ಏರುತ್ತದೆ. ಎತ್ತರದ ತೆಳುಗಾಳಿಯಲ್ಲಿ ರೆಕ್ಕೆಯನ್ನು ಹೆಚ್ಚು ವೇಗವಾಗಿ ಬಡಿಯಬೇಕು. ಆ ವೇಗ ತುಸು ಹೆಚ್ಚಿದರೂ ಹೃದಯದ ದುಡಿಮೆ ಬಹಳ ಹೆಚ್ಚುತ್ತದೆ. ಕೆಳಗಿನ ದಟ್ಟವಾದ ಗಾಳಿಗೆ ಇಳಿದು ಪುನಃ ಏರುವುದೇ ಒಟ್ಟಿನಲ್ಲಿ ಕಡಮೆ ಶ್ರಮದ ದಾರಿ. ಪಡೆದ ಸ್ಥಾನದಿಂದ ಒಂದು ಮೆಟ್ಟಿಲು ಇಳಿದರೆ ಮಾನ ಹೋಯಿತೆಂದು ಕೊರಗುವವರಿಗೆ ಈ ಲೆಕ್ಕಾಚಾರ ವಿಚಿತ್ರವೆನಿಸಬಹುದು.

ಇದೇ ಬಾತು ವರ್ಷದಲ್ಲಿ ಕೆಲವು ವಾರ ಹಾರಲಾರದೆಯೇ ಇರುತ್ತದೆ. ಹದ್ದಿನಂತಲ್ಲದೆ ಇದರ ರೆಕ್ಕೆಯ ಹಾರುಗರಿಗಳೆಲ್ಲ ಒಟ್ಟಿಗೇ ಉದುರುತ್ತವೆ. ಆ ಕಾಲದಲ್ಲಿ ಅದು ಉತ್ತರದ ಸರೋವರಗಳ ನೀರಿನ ಆಶ್ರಯದಲ್ಲಿ, ತನ್ನವರ ನಡುವೆ, ಈಜುತ್ತ ಮೇಯುತ್ತ ಹೊಸ ಗರಿಗಾಗಿ ಕಾಯುತ್ತದೆ. ಹಿಮಾಲಯವನ್ನು ದಾಟುವ ರೆಕ್ಕೆ ಸಿದ್ಧವಾಗುವುದು ಹೀಗೆ, ಹಾರಾಟವೇ ಇಲ್ಲದ ದಿನಗಳಲ್ಲಿ.

ಮಾಗಡಿ ಕೆರೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ನವೆಂಬರಿನಲ್ಲಿ ಬಂದ ಹಿಂಡುಗಳು ಸುತ್ತಲ ಹೊಲಗಳಲ್ಲಿ ಮೇದು, ಹಗಲೆಲ್ಲ ನೀರಿನಲ್ಲಿ ವಿಶ್ರಮಿಸಿ, ಮಾರ್ಚಿಯ ವೇಳೆಗೆ ಉತ್ತರಕ್ಕೆ ಹೊರಡುತ್ತವೆ. ಅವುಗಳಲ್ಲಿ ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ ಮರಿಗಳೂ ಇರುತ್ತವೆ. ತಲೆಯ ಪಟ್ಟೆಗಳು ಇನ್ನೂ ಸ್ಪಷ್ಟವಾಗಿ ಮೂಡಿರದ ಅವನ್ನು ದಡದಲ್ಲಿ ನಿಂತು ಗುರುತಿಸಬಹುದು. ಹಿಮಾಲಯದ ದಾರಿಯನ್ನು ಅವು ಮೊದಲ ಸಲ ಹಾರಿದ್ದು ಬರುವಾಗ, ಹಿರಿಯರ ಹಿಂದೆ. ಕೆರೆಯ ನೀರಿನ ಮೇಲೆಯೂ ಅವು ಬಹುಮಟ್ಟಿಗೆ ತಾಯಿತಂದೆಯರ ಪಕ್ಕದಲ್ಲಿಯೇ ತೇಲುತ್ತಿರುತ್ತವೆ.